ಎಲ್ಡನ್ ರಿಂಗ್ ಆಡುತ್ತಿರುವವರ ಗಮನಕ್ಕೆ

ನಮಸ್ಕಾರ ಗೆಳೆಯರೇ. 2022ರಲ್ಲಿ ಬಂದ ಎಲ್ಡನ್ ರಿಂಗ್ ವಿಡಿಯೊ ಗೇಮನ್ನು ನಮ್ಮ ರಾಯಚೂರು ಗುಂಪಿನಲ್ಲಿ ಈಗ ತುಂಬಾ ಜನ ಶುರು ಮಾಡಿದ್ದೀರಿ. ನಿಜಕ್ಕೂ ಖುಷಿ. ಆದರೆ ಶುರುವಿನ ದೊಡ್ಡ ಶತ್ರು (ಬಾಸ್) ಮಾರ್ಗಿಟ್ ಎದುರು ಸೋತು "ಮಾರ್ಗಿಟ್ ಹತ್ತಿರ ಸಾಕಾಯ್ತು, ಬಿಡ್ತೀನಿ" ಅನ್ನುವ ಮೆಸೇಜುಗಳೂ ಜಾಸ್ತಿ ಆಗಿವೆ. ದಯವಿಟ್ಟು ಬಿಡಬೇಡಿ.

ಮಾರ್ಗಿಟ್ ಕೋಲು ಎತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದಿರುತ್ತಾನೆ. ಎತ್ತಿದ ಕೂಡಲೇ ತಪ್ಪಿಸಿಕೊಳ್ಳಲು ಉರುಳಿದರೆ, ನೀವು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಏಟು ಬೀಳುತ್ತದೆ. ಕೋಲು ಕೆಳಗೆ ಬರತೊಡಗಿದಾಗ ಉರುಳಿ. ಹೊತ್ತ ಸಾಮಾನಿನ ತೂಕ ಮಿತಿಯ 70 ಪರ್ಸೆಂಟ್ ಮುಟ್ಟಿದರೂ ಉರುಳುವುದು ನಿಧಾನವಾಗುತ್ತದೆ, ನೋಡಿಕೊಳ್ಳಿ.

ಅವನನ್ನು ಈಗಲೇ ಸೋಲಿಸಬೇಕು ಅಂತೇನೂ ಇಲ್ಲ, ಅಲ್ವಾ? ದಕ್ಷಿಣಕ್ಕೆ ವೀಪಿಂಗ್ ಪೆನಿನ್ಸುಲಾ ಅನ್ನುವ ಜಾಗ ಇದೆ. ಅಲ್ಲೆಲ್ಲ ಸುತ್ತಾಡಿ, ಬಂದ ರೂನ್‌ಗಳನ್ನು (ಲೆವೆಲ್ ಏರಿಸಲು ಖರ್ಚು ಮಾಡುವ ನಾಣ್ಯದಂಥವು) ಮೊದಲು ವಿಗರ್‌ಗೆ, ಅಂದರೆ ಜೀವಬಲಕ್ಕೆ, ಹಾಕಿ. ರೂನ್ ಕೈಯಲ್ಲಿಟ್ಟುಕೊಂಡು ಬಾಸ್ ಹತ್ತಿರ ಹೋಗಬೇಡಿ. ಸತ್ತರೆ ಅವು ಅಲ್ಲೇ ಬೀಳುತ್ತವೆ. ಎತ್ತಿಕೊಳ್ಳುವ ಮೊದಲೇ ಮತ್ತೆ ಸತ್ತರೆ ಹೋದವು ಅಂತಲೇ ಲೆಕ್ಕ.

ನಮ್ಮೂರ ಬಿಸಿಲಿಗೆ ಲ್ಯಾಪ್‌ಟಾಪ್ ಕಾದು ಆಟ ತಡವರಿಸಿದರೆ ಉರುಳುವ ಟೈಮಿಂಗ್ ಕೈಕೊಡುತ್ತದೆ. ಮಧ್ಯಾಹ್ನ ಸುಮ್ನೆ ಸುತ್ತಾಡಿ, ಬಾಸ್‌ಗಳನ್ನು ರಾತ್ರಿಗೆ ಇಟ್ಟುಕೊಳ್ಳಿ. ಗ್ರಾಫಿಕ್ಸ್ ಕಡಿಮೆ ಮಾಡಿದರೂ ಈ ಆಟದ ಅಂದ ಕೆಡುವುದಿಲ್ಲ.

ಇನ್ನೊಂದು ವಿನಂತಿ. ಮುಂದಿನ ಬಾಸ್‌ಗಳ ಫೋಟೊ, ವಿಡಿಯೊ ಗುಂಪಿಗೆ ಹಾಕಬೇಡಿ. ಬಾಸ್ ಇರುವ ಜಾಗದ ಮಂಜಿನ ಬಾಗಿಲ ಆಚೆ ಯಾರಿದ್ದಾರೆ ಅಂತ ಪ್ರತಿಯೊಬ್ಬರೂ ತಾವೇ ನೋಡಲಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಯಾವ ಆಯುಧ, ಎಷ್ಟನೇ ಲೆವೆಲ್ ಅಂತ ಬರೆದು ಇಲ್ಲೇ ಕೇಳಿ.