ಹಳೆಯ ಹುಳುಮನೆಯನ್ನು ಕೆಡವುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಶಿಡ್ಲಘಟ್ಟ, ಚಿಂತಾಮಣಿ, ದೇವನಹಳ್ಳಿ ತಾಲ್ಲೂಕುಗಳಲ್ಲಿ ರೇಷ್ಮೆ ಸಾಕುವುದನ್ನು ಬಿಟ್ಟ ಎಷ್ಟೋ ಮನೆತನಗಳ ತೋಟಗಳಲ್ಲಿ ಹುಳುಮನೆಗಳು ಬೀಗ ಹಾಕಿಕೊಂಡು ಪಾಳುಬಿದ್ದಿವೆ. ಇದೇ ಸೀಮೆಯಲ್ಲಿ ಈಗ ರೇಸಿನಿಂದ ಹೊರಬಂದ ಕುದುರೆಗಳನ್ನೋ ಮಾರ್ವಾಡಿ ತಳಿಯವನ್ನೋ ಸಾಕುವ ಹವ್ಯಾಸ ಹಬ್ಬುತ್ತಿದೆ. ಹೈದರಾಲಿ, ಟಿಪ್ಪುವಿನ ಕಾಲದಿಂದ ಕುಣಿಗಲ್‌ನಲ್ಲಿ ಕುದುರೆ ಬೆಳೆಸಿದ ನಾಡಿಗೆ ಇದೇನೂ ಹೊಸದಲ್ಲ. ಆದರೆ ಕುದುರೆ ತರುವವರು ಮೊದಲು ಮಾಡುವ ಕೆಲಸವೆಂದರೆ ಜೆಸಿಬಿ ಕರೆಸಿ ಹುಳುಮನೆಯನ್ನು ನೆಲಸಮ ಮಾಡಿಸಿ, ಅದೇ ಜಾಗದಲ್ಲಿ ತಗಡಿನ ಶೆಡ್ ಎಬ್ಬಿಸುವುದು. ನಮ್ಮ ತೋಟದ ಹುಳುಮನೆಯನ್ನು ಹಳೆಯ ಸಾಮಾನಿನಿಂದಲೇ ಲಾಯವಾಗಿ ಮಾರ್ಪಡಿಸಿರುವ ನಾನು, ಹಾಗೆ ಕೆಡವುವ ಅಗತ್ಯವಿಲ್ಲವೆಂದು ಹೇಳಬಯಸುತ್ತೇನೆ. ಒಂದೇ ಷರತ್ತು: ಯಾವ ಹಳೆಯ ಸಾಮಾನನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬುದನ್ನು ಕುದುರೆಯ ಉಸಿರು, ಗೊರಸು ಮತ್ತು ಹಲ್ಲು ನೋಡಿ ತೀರ್ಮಾನಿಸಬೇಕು.

ಉಸಿರಿನ ವಿಚಾರದಲ್ಲಿ ಹುಳುವಿನ ಅಗತ್ಯಕ್ಕೂ ಕುದುರೆಯ ಅಗತ್ಯಕ್ಕೂ ತಾಳೆಯೇ ಇಲ್ಲ. ಹುಳುವಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ 70ರಿಂದ 85ರಷ್ಟು ತೇವಾಂಶ ಬೇಕು; ಹುಳುವನ್ನು ಕೊಲ್ಲುವ ಊಜಿ ನೊಣ ನುಗ್ಗದಂತೆ ಕಿಟಕಿಗಳಿಗೆಲ್ಲ ನೈಲಾನ್ ಬಲೆ ಬಡಿದಿರುತ್ತಾರೆ. ಕುದುರೆಯಾದರೋ ಮೂಗಿನಿಂದ ಮಾತ್ರ ಉಸಿರಾಡಬಲ್ಲ ಪ್ರಾಣಿ. ದಿನಕ್ಕೆ 10 ಲೀಟರಿನ ಆಸುಪಾಸು ಮೂತ್ರ, 20 ಕೆ.ಜಿ.ಗೂ ಮಿಕ್ಕಿ ಲದ್ದಿ ಹಾಕುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಮೂತ್ರದಿಂದೇಳುವ ಅಮೋನಿಯಾ, ಕುದುರೆ ಮಲಗುವ ಮತ್ತು ತಲೆ ತಗ್ಗಿಸಿ ತಿನ್ನುವ ಮಟ್ಟದಲ್ಲೇ ಹೆಚ್ಚಾಗಿರುತ್ತದೆ. ಆದ್ದರಿಂದ ಬಲೆ ಕಿತ್ತು, ಕಿಟಕಿಗಳನ್ನು ದೊಡ್ಡದು ಮಾಡಿಸಿ, ಚಾವಣಿಯ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಉದ್ದಕ್ಕೂ ಸಂದು ಬಿಡಿಸುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಇಷ್ಟಾದರೆ ಉಳಿದುದೆಲ್ಲ ಅನುಕೂಲವಾಗಿಯೇ ಇದೆ. 50 ಅಡಿ ಉದ್ದ, 20 ಅಡಿ ಅಗಲದ ಹುಳುಮನೆಯಲ್ಲಿ ಒಂದೊಂದು ಕುದುರೆಗೆ 12 ಅಡಿ ಚೌಕದಂತೆ ನಾಲ್ಕು ಅಂಕಣಗಳೂ ಅವುಗಳ ಮುಂದೆ 8 ಅಡಿಯ ಓಣಿಯೂ ಸರಿಯಾಗಿ ಕೂರುತ್ತವೆ. ಬಿಸಿಲು ಗೋಡೆಗೆ ತಾಗದಿರಲೆಂದು ಹಿಂದಿನವರು ಸುತ್ತಲೂ ಇಳಿಸಿದ ಜಗಲಿಯನ್ನು ಇಂದು ಯಾವ ತಗಡಿನ ಶೆಡ್ಡಿನವರೂ ಕಟ್ಟಿಕೊಡುವುದಿಲ್ಲ. ಬಾಗಿಲು ಮಾತ್ರ 4 ಅಡಿ ಅಗಲಕ್ಕೆ, 8 ಅಡಿ ಎತ್ತರಕ್ಕೆ ಹೋಗಬೇಕಾಗುತ್ತದೆ. ಲಿಂಟಲ್ ಒಡೆಯುವ ಮುಂಚೆ ಮೇಲಿನ ಭಾರಕ್ಕೆ ಆಸರೆ ಕೊಡಬಲ್ಲ ಅನುಭವಿ ಮೇಸ್ತ್ರಿಯನ್ನೇ ಕರೆಯಬೇಕು.

ಚಾವಣಿಗೆ ಹಳೆಯ ಮಂಗಳೂರು ಹೆಂಚಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಾಡಿನ ಮನೆಗಳ ಮೇಲೇರಿದ ಈ ಹೆಂಚುಗಳು, ಆ ಮನೆಗಳು ಕೆಡವಲ್ಪಡುತ್ತಿರುವ ಈ ಹೊತ್ತಿನಲ್ಲಿ ಹಳೆ ಸಾಮಾನಿನ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಕೊಳ್ಳುವಾಗ ಒಂದೊಂದನ್ನೂ ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿಯಬೇಕು. ಕಂಚಿನ ಹಾಗೆ ದನಿ ಕೊಟ್ಟರೆ ಹೆಂಚು ಗಟ್ಟಿ. ಬೊದ್ದು ಸದ್ದು ಬಂದರೆ ಒಳಗೆ ಸೀಳು ಬಿಟ್ಟಿದೆಯೆಂದು ಬದಿಗಿಡಬೇಕು. ಕೊಕ್ಕೆಯ ಮೂಲೆ ಮುರಿದವನ್ನೂ ಬಿಡಬೇಕು, ಏಕೆಂದರೆ ರೀಪಿನ ಮೇಲೆ ನಿಲ್ಲುವ ಆಧಾರವೇ ಅದು. ಹೆಂಚಿನ ಸಂದುಗಳಲ್ಲಿ ಗಾಳಿಯಾಡುತ್ತದೆ, ಮಳೆ ಬಿದ್ದರೆ ತಗಡಿನಂತೆ ಸಿಡಿಲಬ್ಬರ ಮಾಡಿ ಕುದುರೆಯನ್ನು ಬೆಚ್ಚಿಸುವುದಿಲ್ಲ. ಕೋತಿಗಳ ಕಾಟವಿರುವ ಊರಿನವರು ಮಾತ್ರ ನೂರಿನ್ನೂರು ಹೆಂಚನ್ನು ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಕ್ಷೇಮ.

ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಹೊದಿಸಿರುವ ಹುಳುಮನೆಗಳ ಬಗ್ಗೆ ಎಚ್ಚರ ಬೇಕು. ಕಲ್ನಾರಿನ ಎಳೆಯಿಂದ ಕಾರ್ಮಿಕರಿಗಾಗುವ ಶ್ವಾಸಕೋಶದ ರೋಗಗಳ ಕುರಿತು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶ ನೀಡಿದೆ. ಆದರೂ ಹಳ್ಳಿಗಳಲ್ಲಿ ಈ ಶೀಟನ್ನು ಸುತ್ತಿಗೆಯಿಂದ ಹೊಡೆದು ಕೆಡವುವುದು, ಚೂರುಗಳನ್ನು ರಸ್ತೆಯ ಗುಂಡಿಗೆ ತುಂಬುವುದು ನಡೆದೇ ಇದೆ. ಅದನ್ನು ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಒಡೆಯದಂತೆ ಇಡಿಯಾಗಿ ಇಳಿಸಬೇಕು. ಹೇಗಿದ್ದರೂ ಇದೆಯಲ್ಲ ಎಂದು ಅದನ್ನೇ ಕೊರೆದು ಲಾಯದ ತಡಿಕೆಗೆ ಬಳಸುವುದು ಕುದುರೆಗೂ ಅದನ್ನು ನೋಡಿಕೊಳ್ಳುವ ಸೈಸ್‌ಗೂ ಮಾಡುವ ಅನ್ಯಾಯ.

ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುವ ಇನ್ನೆರಡು ಸಾಮಾನುಗಳಿವೆ. ಬಳ್ಳಿ ಕಿತ್ತುಹಾಕಿದ ದ್ರಾಕ್ಷಿ ತೋಟಗಳ ಕಲ್ಲುಕೂಚಗಳು (ಕಲ್ಲುಕಂಬಗಳು) ಬಯಲಿನ ಬೇಲಿಗೆ ಹೇಳಿಮಾಡಿಸಿದಂತಿವೆ. ಅವುಗಳ ಮೇಲೆ ಹಸಿರು ಮಿಶ್ರಿತ ನೀಲಿಯ ಕಲೆ ಕಾಣಿಸುತ್ತದೆ. ಅದು ಬಳ್ಳಿಯ ಶಿಲೀಂಧ್ರ ರೋಗಕ್ಕೆಂದು ವರ್ಷಗಟ್ಟಲೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ. ಕುದುರೆ ಕಲ್ಲನ್ನು ನೆಕ್ಕುವ ಪ್ರಾಣಿಯಾದ್ದರಿಂದ ನಾರುಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು, ಚೂಪಾದ ಅಂಚುಗಳನ್ನು ಕಲ್ಲುಕುಟಿಗರಿಂದ ಹೊಡೆಸಿ ದುಂಡಗೆ ಮಾಡಿಸಬೇಕು. ಎರಡನೆಯದು, ಬತ್ತಿದ ಕೊಳವೆಬಾವಿಗಳಿಂದ ಎತ್ತಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಕೋಲಾರ ಸೀಮೆಯಲ್ಲಿ ಅದಕ್ಕೇನು ಬರವೇ? ಅಂಕಣಗಳ ನಡುವಿನ ಅಡ್ಡಪಟ್ಟಿಗೂ ಕಿಟಕಿಯ ಸರಳಿಗೂ ಅದು ಸಾಕಷ್ಟು ಗಟ್ಟಿ; ಸರಳುಗಳ ನಡುವೆ ಗೊರಸು ಸಿಲುಕದಂತೆ ಅಂತರ 3 ಇಂಚು ಮೀರಬಾರದು. ಜಲ್ಲಿ ಕ್ರಷರ್‌ಗಳ ಸವೆದ ಬೆಲ್ಟನ್ನು ನೆಲಕ್ಕೆ ಹಾಸುವವರಿದ್ದಾರೆ. ಒದ್ದೆಯಾದಾಗ ಜಾರದಂತೆ ಒರಟು ಮೈಯನ್ನು ಮೇಲೆ ಮಾಡಿ ಹಾಸಿದರೆ ಅಡ್ಡಿಯಿಲ್ಲ, ಆದರೆ ಒಳಗೆ ಉಕ್ಕಿನ ತಂತಿಯಿರುವ ಬೆಲ್ಟು ಬೇಡ. ಸವೆದಂತೆ ತಂತಿ ಮೇಲೆದ್ದು ಅಂಗಾಲಿಗೆ ಚುಚ್ಚುತ್ತದೆ.

ಮರದ ವಿಷಯದಲ್ಲಿಯೇ ಜನ ಹೆಚ್ಚು ಮೋಸಹೋಗುವುದು. ಹಳೆಯ ಮನೆಯ ಮತ್ತಿ, ಹೊನ್ನೆ, ಹಲಸಿನ ತೊಲೆಗಳನ್ನು 4 ಅಡಿ ಎತ್ತರದವರೆಗೆ ಒದೆತ ತಡೆಯುವ ಹಲಗೆಯಾಗಿ ಕೊಯ್ಸಿಕೊಳ್ಳಬಹುದು. ಆದರೆ ರೈಲ್ವೆಯ ಹಳೆಯ ಮರದ ಸ್ಲೀಪರ್‌ಗೆ ಹುಳ ಹಿಡಿಯದಿರಲೆಂದು ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿಸಿರುತ್ತಾರೆ, ಹಳೆಯ ಬಾಗಿಲುಗಳ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಬೇಸರಕ್ಕೆ ಮರ ಕಚ್ಚುವ ಚಾಳಿಯ ಕುದುರೆಗೆ ಇವೆರಡೂ ವಿಷ. ಪ್ರತಿ ಹಲಗೆಯ ಮೊಳೆ ಕಿತ್ತು, ಮೇಲೆ ಆಯಸ್ಕಾಂತ ಆಡಿಸಿ ನೋಡದೆ ಒಳಗೆ ತರಬಾರದು. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲವೆಂಬುದು ಪಶುವೈದ್ಯರೆಲ್ಲ ಬಲ್ಲ ಸಂಗತಿ, ಲಸಿಕೆ ಹಾಕಿಸಿದ್ದರೂ ತುಕ್ಕು ಮೊಳೆಯ ಗಾಯ ಗಾಯವೇ. ಹಾಗೆಯೇ, ಬೇರೆ ಲಾಯಗಳಿಂದ ಬಂದ ನೀರಿನ ತೊಟ್ಟಿ, ಗೋದಲಿಗಳನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು. ಕುದುರೆಗಳ ಮಾರಕ ಸೋಂಕಾದ ಗ್ಲ್ಯಾಂಡರ್ಸ್ ರೋಗ ಹರಡುವ ದಾರಿಗಳಲ್ಲಿ ಅದೂ ಒಂದು, ಮತ್ತು ಆ ರೋಗ ಮನುಷ್ಯರಿಗೂ ತಗಲುತ್ತದೆ.

ಹುಳುಮನೆಯ ಗೋಡೆಗೆ ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಸಿಂಪಡಿಸಿರುವುದರಿಂದ ಹಳೆಯ ಗಿಲಾವು ಕೆರೆದು, ತೊಳೆದು, ಸುಣ್ಣ ಬಳಿದು, ಕೆಲವು ವಾರ ಗಾಳಿಗೆ ಬಿಟ್ಟರೆ ಸಾಕು. ಬೆಂಕಿಯ ಭಯವಿರುವುದರಿಂದ ಹುಲ್ಲಿನ ಬಣವೆಯನ್ನು ಮಾತ್ರ ಲಾಯದಿಂದ ದೂರ ಒಟ್ಟಬೇಕು. ಇಲಿ ಕಡಿದ ಹಳೆಯ ವೈರಿಂಗ್ ಉಳಿಸಿಕೊಳ್ಳುವುದು ಉಳಿತಾಯವಲ್ಲ.

ಇನ್ನು ಕಾನೂನಿನ ಮಾತು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯು ಕೃಷಿಯ ವ್ಯಾಖ್ಯೆಯಲ್ಲಿ ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಸಂವರ್ಧನೆ, ಮೇಯಿಸುವಿಕೆಗಳನ್ನು ಸೇರಿಸಿದೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಕೃಷಿಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಅನುಮತಿ ಬೇಕೆನ್ನುತ್ತದೆ. ರೈತನೊಬ್ಬ ಸ್ವಂತಕ್ಕೆ ಎರಡು ಕುದುರೆ ಕಟ್ಟುವ ಲಾಯ, ಪರರ ಕುದುರೆಗಳನ್ನು ಬಾಡಿಗೆಗೆ ಇಟ್ಟುಕೊಳ್ಳುವ ಲಾಯ, ಹಣ ಪಡೆದು ಸವಾರಿ ಕಲಿಸುವ ಲಾಯ, ಈ ಮೂರರಲ್ಲಿ ಯಾವುದು ಎಲ್ಲಿ ಬರುತ್ತದೆಂಬುದಕ್ಕೆ ಕೇಳಿದವರಿಗೆಲ್ಲ ಒಂದೇ ಉತ್ತರ ಸಿಗುವಂತಾಗಬೇಕು. ಕಂದಾಯ ಇಲಾಖೆಯು ಇದನ್ನು ಬರಹದಲ್ಲಿ ಸ್ಪಷ್ಟಪಡಿಸಲಿ. ಸಹಾಯಧನ ಪಡೆದು ಕಟ್ಟಿದ ಹುಳುಮನೆಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವ ನಿಯಮವೇನೆಂಬುದನ್ನು ರೇಷ್ಮೆ ಇಲಾಖೆಯು ತಿಳಿಸಲಿ. ದನದ ಕೊಟ್ಟಿಗೆಗೆ ಇರುವಂತೆ ಕುದುರೆ ಲಾಯಕ್ಕೂ ಒಂದು ಸರಳ ನಕ್ಷೆಯನ್ನು, ಯಾವ ಹಳೆಯ ಸಾಮಾನು ಸಲ್ಲದೆಂಬ ಪಟ್ಟಿಯ ಸಹಿತ, ಪಶುಪಾಲನಾ ಇಲಾಖೆಯು ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದೊರೆಯುವಂತೆ ಮಾಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಒಬ್ಬ ರೈತ,
ಶಿಡ್ಲಘಟ್ಟ ತಾಲ್ಲೂಕು