ಎದ್ದು ಹೋದವನು ಸೋತನೇ?

ಪ್ರೀತಿಯ ಪುಟ್ಟಾ,

ನಿನ್ನ ಕಾಗದ ಓದಿದೆ. ದೇವರಿದ್ದಾನೆಯೇ ಎಂಬ ಜಗಳದಲ್ಲಿ ತಮ್ಮನ ಬಾಯಿ ಮುಚ್ಚಿಸಿದೆ ಎಂದು ಬರೆದಿದ್ದೀಯ. 'ಬಿಗ್ ಬ್ಯಾಂಗೇ ಸಾಕ್ಷಿ, ಶುರು ಇದ್ದ ಮೇಲೆ ಶುರು ಮಾಡಿದವನೂ ಇರಲೇಬೇಕು' ಅಂದೆಯಂತೆ. ಅವನು ಎದ್ದು ಹೋದನಂತೆ. ಎದ್ದು ಹೋದವನು ಸೋತ ಎಂದು ನಿನಗೆ ಯಾರು ಹೇಳಿದರು?

ನಾನೂ ದೇವರನ್ನು ನಂಬುವವಳೇ. ಆದರೂ ನಿನ್ನ ವಾದ ನನಗೆ ಹಿಡಿಸಲಿಲ್ಲ.

ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದವರು ಬೆಲ್ಜಿಯಂನ ವಿಜ್ಞಾನಿ ಜಾರ್ಜ್ ಲಮೆತ್ರ್. 1931ರಲ್ಲಿ, ಎಲ್ಲವೂ ಒಂದೇ ಆದಿ ಕಣದಿಂದ ಹೊರಟಿತು ಎಂದರು. ನೀನು ಹೇಳುವ ಬಿಗ್ ಬ್ಯಾಂಗಿನ ಮೂಲ ಅದೇ. ಅವರು ಪಾದ್ರಿ. ನಿನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುತ್ತಾರಾ? ಆದರೆ 1951ರಲ್ಲಿ ಪೋಪ್ 12ನೇ ಪಯಸ್ ಈ ವಿಜ್ಞಾನವನ್ನು ಸೃಷ್ಟಿಗೆ ಪುರಾವೆ ಎಂಬಂತೆ ಹೊಗಳಿದಾಗ ಲಮೆತ್ರ್‌ಗೆ ಅದು ಸರಿ ಕಾಣಲಿಲ್ಲ. ಈ ಲೆಕ್ಕ ದೇವರ ತಂಟೆಗೇ ಹೋಗುವುದಿಲ್ಲ ಎಂಬುದು ಅವರ ನಿಲುವು. ಹೌದಲ್ವಾ? ಇವತ್ತಿನ ಲೆಕ್ಕವನ್ನು ದೇವರಿಗೆ ಊರುಗೋಲು ಮಾಡಿ ಕೊಟ್ಟರೆ, ನಾಳೆ ಲೆಕ್ಕ ಬದಲಾದಾಗ ಮುಗ್ಗರಿಸುವುದು ಯಾರು?

ತಮಾಷೆ ಇರುವುದು ಇನ್ನೊಂದು ಕಡೆ. 'ಬಿಗ್ ಬ್ಯಾಂಗ್' ಎಂಬ ಹೆಸರನ್ನು 1949ರಲ್ಲಿ ರೇಡಿಯೋದಲ್ಲಿ ಆಡಿದ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ನಾಸ್ತಿಕರು. ಆ ಸಿದ್ಧಾಂತವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ನಕ್ಷತ್ರಗಳೊಳಗೆ ಇಂಗಾಲ ತಯಾರಾಗಬೇಕಾದರೆ ಅದರ ಪರಮಾಣುವಿನ ನಡುಭಾಗಕ್ಕೆ ಇಂಥದ್ದೇ ಒಂದು ಶಕ್ತಿಮಟ್ಟ ಇರಲೇಬೇಕು ಎಂದು 1953ರಲ್ಲಿ ಹೇಳಿದವರೂ ಅವರೇ. ಹುಡುಕಿದರೆ, ಇತ್ತು! ಅದಿಲ್ಲದಿದ್ದರೆ ಇಂಗಾಲ ಇಷ್ಟು ಇರುತ್ತಿರಲಿಲ್ಲ, ನೀನೂ ನಾನೂ ಇರುತ್ತಿರಲಿಲ್ಲ. ಯಾವುದೋ ದೊಡ್ಡ ಬುದ್ಧಿ ಭೌತಶಾಸ್ತ್ರದಲ್ಲಿ ಕೈಯಾಡಿಸಿದ ಹಾಗಿದೆ ಎಂದು ಮುಂದೆ ಅವರು ಬರೆದರು. ಪಾದ್ರಿ ಪುರಾವೆ ಬೇಡ ಅಂದರು, ನಾಸ್ತಿಕರು ಬೆರಗಾದರು. ಇವರನ್ನು ಯಾವ ಪಕ್ಷದಲ್ಲಿ ಕೂರಿಸುತ್ತೀಯ?

ಗಡಿಯಾರ ಇದ್ದ ಮೇಲೆ ಮಾಡಿದವನಿರಬೇಕು, ಜೀವಿಗಳಿಗೂ ಹಾಗೇ ಎನ್ನುವ ವಾದವನ್ನಂತೂ ಬಿಡು. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಬರೆದಾಗ ಅದಕ್ಕೆ ತೂಕವಿತ್ತು. ಜೀವಿಗಳು ಹಂತಹಂತವಾಗಿ ಬದಲಾಗುತ್ತಾ ಬಂದವು ಎನ್ನುವ ಡಾರ್ವಿನ್ ಪುಸ್ತಕ 1859ರಲ್ಲಿ ಬಂದ ಮೇಲೆ ಕಣ್ಣು, ರೆಕ್ಕೆಗಳ ವಿಷಯದಲ್ಲಿ ಅದು ನಿಲ್ಲುವುದಿಲ್ಲ.

ತಮ್ಮ ಹೇಳಿದ್ದರಲ್ಲಿ ನೀನು ಬರೆದಿರುವುದು ಒಂದೇ: ಮೆದುಳಿನ ವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗ. ಕೈ ಅಲ್ಲಾಡಿಸೋಣ ಎಂದು ನಮಗೆ ಅನ್ನಿಸುವ ಮುಂಚೆಯೇ ಮೆದುಳು ತಯಾರಿ ನಡೆಸಿರುತ್ತದೆ, ಹಾಗಾಗಿ ನಮ್ಮ ಇಚ್ಛೆ ಅನ್ನುವುದೇ ಸುಳ್ಳು ಎಂಬ ಮಾತು. ಆ ತಯಾರಿಗೆ ಬೇರೆ ಅರ್ಥ ಹೇಳುವ ವಿಜ್ಞಾನಿಗಳೂ ಇದ್ದಾರೆ, ಅದಿರಲಿ. 'ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು' ಅನ್ನುವವನು ನೀನು. ಮೆದುಳಿನ ಅಪ್ಪಣೆ ಅನ್ನುವವನು ಅವನು. ಆದರೆ ಚಪ್ಪಲಿ ಕದ್ದವನನ್ನು ಮಾತ್ರ ಇಬ್ಬರೂ ಬೈಯುತ್ತೀರಿ! ಯಾಕೆ ಬೈಯುತ್ತೇವೆ ಎಂದು ಜೊತೆಗೆ ಕೂತು ಯೋಚಿಸಿದ್ದರೆ ಅದು ಚರ್ಚೆ ಆಗುತ್ತಿತ್ತು.

ನಾನೂ ನಿನ್ನ ವಯಸ್ಸಿನಲ್ಲಿ ಹೀಗೇ ಇದ್ದೆ. ಗೆಳತಿಯೊಬ್ಬಳಿಗೆ ಅಮ್ಮ ತೀರಿಕೊಂಡು ಜಾಸ್ತಿ ದಿನ ಆಗಿರಲಿಲ್ಲ. ದೇವರು ಒಳ್ಳೆಯವನಾದರೆ ಇದೆಲ್ಲ ಯಾಕೆ ಅಂದಳು. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಅದಕ್ಕೇ ಕೆಟ್ಟದ್ದೂ ನಡೆಯುತ್ತದೆ ಎಂದೆ. 'ಕಾಯಿಲೆ ಯಾರ ಸ್ವಾತಂತ್ರ್ಯ?' ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಎಂದು ಹೇಳಲು ಧೈರ್ಯವೂ ಬರಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾ ಇನ್ನೊಂದು ಗಂಟೆ ಮಾತಾಡಿದೆ. ಅವಳೂ ಎದ್ದು ಹೋದಳು. ಆಮೇಲೆ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ.

ನಿನ್ನ ಕಾಗದದ ನಾಲ್ಕು ಪುಟದಲ್ಲಿ ತಮ್ಮನದು ಎರಡೇ ಸಾಲು. ಏಳುವ ಮುಂಚೆ ಅವನು ಏನು ಕೇಳಿದ್ದ? ಅವನನ್ನೇ ಕೇಳಿ ಬರೆ.

ನಿನ್ನ
ದೊಡ್ಡಮ್ಮ