ಕೆಂಪಿಯ ಆಪರೇಷನ್: ರಘುವಿಗೆ ಒಂದು ಪತ್ರ

ಪ್ರಿಯ ರಘು,

"ಹನ್ನೊಂದು ವರ್ಷದ ನಾಯಿಗೆ ಈಗ ಹೊಟ್ಟೆ ಕೊಯ್ಯಿಸಬೇಕಾ?" ಅಂತ ನೀನು ಕೇಳಿದೆ. ಫೋನಿನಲ್ಲಿ ನನಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಾಡಿಸುವುದು ಅಂತ ತೀರ್ಮಾನ ಮಾಡಿದ್ದೇವೆ. ಬರುವ ಗುರುವಾರ ಬೆಳಿಗ್ಗೆ.

ಕೆಂಪಿ ವಾಂತಿ ಮಾಡುತ್ತಿದ್ದಳು ಅಂತ ಸ್ಕ್ಯಾನ್ ಮಾಡಿಸಿದ್ದು. ವಾಂತಿ ತಾನಾಗಿಯೇ ನಿಂತಿತು. ಆದರೆ ಸ್ಕ್ಯಾನಿನಲ್ಲಿ ಗುಲ್ಮದ ಮೇಲೆ, ಅಂದರೆ ಹೊಟ್ಟೆಯೊಳಗಿನ ಸ್ಪ್ಲೀನ್ ಮೇಲೆ, ಮುಷ್ಟಿಗಾತ್ರದ ಗಡ್ಡೆ ಕಂಡಿತು. ಅದು ಎಂಥ ಗಡ್ಡೆ ಅಂತ ಸ್ಕ್ಯಾನ್ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಸೂಜಿ ಹಾಕಿ ನೋಡೋಣ ಅಂದರೆ ರಕ್ತ ಸೋರುವ ಭಯ. ಹೊರಗೆ ತೆಗೆದು ಲ್ಯಾಬಿಗೆ ಕಳಿಸಿದರೆ ಮಾತ್ರ ಗೊತ್ತಾಗುವುದು. ಅಂದರೆ ಆಪರೇಷನ್ ಬೇಕಿತ್ತೋ ಇಲ್ಲವೋ ಅನ್ನುವುದು ಆಪರೇಷನ್ ಆದಮೇಲೇ ತಿಳಿಯುತ್ತದೆ. ಎಷ್ಟು ಕಷ್ಟ ನೋಡು.

ನಾಯಿಗಳ ಗುಲ್ಮದ ಗಡ್ಡೆಗಳಲ್ಲಿ ಮೂರಕ್ಕೆ ಎರಡು ಕ್ಯಾನ್ಸರ್ ಅನ್ನುವುದು ಡಾಕ್ಟರುಗಳ ಹಳೆಯ ಲೆಕ್ಕ. ಆ ಕ್ಯಾನ್ಸರಿನಲ್ಲೂ ಮೂರಕ್ಕೆ ಎರಡು ಹೆಮಾಂಜಿಯೋಸಾರ್ಕೋಮಾ, ರಕ್ತನಾಳದಿಂದ ಹುಟ್ಟುವಂಥದ್ದು. ಅದಾಗಿದ್ದರೆ ಆಪರೇಷನ್ ಮಾಡಿಸಿದರೂ ಸಾಮಾನ್ಯವಾಗಿ ಉಳಿಯುವುದು ಒಂದರಿಂದ ಮೂರು ತಿಂಗಳು. ಕೀಮೋ ಕೊಡಿಸಿದರೆ ನಾಲ್ಕರಿಂದ ಆರು. ಇದನ್ನು ಕೇಳಿದ ದಿನ ಸುಧಾ ಊಟ ಮಾಡಲಿಲ್ಲ. ಆದರೆ ಒಡೆಯದೆ, ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಸಿಗುವ ಗಡ್ಡೆಗಳಲ್ಲಿ ಹಾನಿಯಿಲ್ಲದವೇ ಜಾಸ್ತಿ ಅಂತ ಕೆಂಪಿಯನ್ನು ನೋಡುತ್ತಿರುವ ಡಾಕ್ಟರ್ ಹೇಳಿದರು. ಹೆಬ್ಬಾಳದಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳಿದೆವು, ಅವರೂ ಅದನ್ನೇ ಹೇಳಿದರು. ಕೆಂಪಿಯದು ಹಾಗೆ ಸಿಕ್ಕ ಗಡ್ಡೆ.

ಸುಮ್ನೆ ಬಿಟ್ಟರೆ? ಅಮ್ಮ ಹೇಳುವುದೂ ಅದೇ. ಮೂಕಪ್ರಾಣಿ, ಇರುವಷ್ಟು ದಿನ ಮನೆಯಲ್ಲಿ ನೆಮ್ಮದಿಯಾಗಿರಲಿ ಅಂತಾರೆ. ಅಮ್ಮನ ಮಾತನ್ನು ನಾನು ತೆಗೆದುಹಾಕಲಿಲ್ಲ. ಆದರೆ ಈ ಗಡ್ಡೆ ನೆಮ್ಮದಿಯಾಗಿ ಇರಲು ಬಿಡುವಂಥದ್ದಲ್ಲ, ರಘು. ಹಾನಿಯಿಲ್ಲದ ಗಡ್ಡೆಯೂ ಒಡೆಯಬಹುದು. ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ, ವಸಡು ಬೆಳ್ಳಗಾಗುತ್ತದೆ, ನಾಯಿ ಇದ್ದಕ್ಕಿದ್ದ ಹಾಗೆ ಕುಸಿದು ಬೀಳುತ್ತದೆ. ಅದು ನಡುರಾತ್ರಿ ಆದರೆ? ಆಗಲೂ ಆಪರೇಷನ್ನೇ ಬೇಕು. ಆದರೆ ರಕ್ತ ಕಳೆದುಕೊಂಡು ಅರ್ಧ ಜೀವವಾದ ನಾಯಿಗೆ ಅರಿವಳಿಕೆ ಕೊಟ್ಟು ಮಾಡಬೇಕು. ಈಗ ಅವಳ ಕಿಡ್ನಿ ಚೆನ್ನಾಗಿದೆ, ಎದೆಯ ಎಕ್ಸ್‌ರೇ ಸ್ವಚ್ಛವಾಗಿದೆ, ಎಕೋದಲ್ಲಿ ಹೃದಯದಲ್ಲೂ ಏನೂ ಕಂಡಿಲ್ಲ. ವಯಸ್ಸಾಯಿತು ಬಿಡು ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ವಯಸ್ಸು ಕಾಯಿಲೆಯಲ್ಲ. ನಿನ್ನೆ ಸಂಜೆ ಗೇಟಿನ ಹತ್ತಿರ ಬಂದ ಬೆಕ್ಕನ್ನು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಹೋದಳು. ನಾನು ಹಿಂದೆ ಓಡಿದೆ, ಎಲ್ಲಿ ಗಡ್ಡೆ ಒಡೆಯುತ್ತದೋ ಅಂತ.

ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ ಡಾಕ್ಟರ್ ಕೇಳಿದ್ದು. ಹೊಟ್ಟೆ ತೆರೆದಾಗ ಎಲ್ಲ ಕಡೆ ಹರಡಿರುವುದು ಕಂಡರೆ ಏನು ಮಾಡಲಿ? ಅದನ್ನು ಮುಂಚೆಯೇ ಹೇಳಿರಬೇಕಂತೆ, ಆ ಹೊತ್ತಿನಲ್ಲಿ ಯೋಚನೆ ಮಾಡಲು ಯಾರಿಂದಲೂ ಆಗಲ್ಲ. ಆದರೆ ಯಕೃತ್ತಿನ ಮೇಲೆ ಗಂಟುಗಳು ಕಂಡವು ಅಂತ ಮಾತ್ರಕ್ಕೆ ಆಸೆ ಬಿಡಬೇಡಿ ಅಂದರು. ವಯಸ್ಸಾದ ನಾಯಿಗಳಿಗೆ ಅಲ್ಲಿ ಹಾನಿಯಿಲ್ಲದ ಗಂಟುಗಳು ಬರುವುದು ಮಾಮೂಲು, ಕಣ್ಣಿನಿಂದ ನೋಡಿ ತೀರ್ಪು ಕೊಡಬಾರದಂತೆ. ಹಾಗಾಗಿ ನಾನೂ ಸುಧಾಳೂ ಹೀಗೆ ಬರೆದುಕೊಟ್ಟಿದ್ದೇವೆ. ಅನುಮಾನ ಇದ್ದರೆ ಗುಲ್ಮ ತೆಗೆದು, ತುಣುಕನ್ನು ಲ್ಯಾಬಿಗೆ ಕಳಿಸಿ, ಅವಳನ್ನು ನಮಗೆ ವಾಪಸ್ ಕೊಡಿ. ಹೊಟ್ಟೆ ತುಂಬ ಹರಡಿ ರಕ್ತ ಸೋರುತ್ತಿದ್ದರೆ ಎಚ್ಚರ ಮಾಡಿಸಬೇಡಿ. ಆ ಸಾಲಿನ ಕೆಳಗೆ ಸಹಿ ಹಾಕುವಾಗ ಸುಧಾ ನನ್ನ ಕೈ ಹಿಡಿದುಕೊಂಡಿದ್ದಳು.

ಕೀಮೋ ಬೇಡ ಅಂತಲೂ ಹೇಳಿದ್ದೇವೆ. ಕಾರು ಹತ್ತಿದರೆ ನಡುಗುವ ಅವಳನ್ನು ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಒಯ್ದು, ಉಳಿದ ದಿನಗಳನ್ನು ಹಾಗೆ ಕಳೆಯಿಸಲು ನನಗೆ ಮನಸ್ಸಿಲ್ಲ. ದುಡ್ಡಿನ ಮಾತೂ ಬಂತು. ಹೊಸ ಸ್ಕೂಟರ್ ಮುಂದಕ್ಕೆ ಹಾಕಿದೆವು, ಅಷ್ಟೇ.

ಗುಲ್ಮ ಇಲ್ಲದೆಯೂ ನಾಯಿ ಚೆನ್ನಾಗಿ ಬದುಕುತ್ತದೆ. ಉಣ್ಣಿ ಜ್ವರದ ಬಗ್ಗೆ ಮಾತ್ರ ಇನ್ನೂ ಹುಷಾರಾಗಿರಬೇಕು. ಆಪರೇಷನ್ ಆದ ಮೊದಲ ಒಂದೆರಡು ದಿನ ಹೃದಯದ ಬಡಿತ ಏರುಪೇರಾಗಬಹುದು, ಅದಕ್ಕೆ ಅಲ್ಲೇ ಇಟ್ಟುಕೊಂಡು ಇಸಿಜಿ ನೋಡುತ್ತಾರೆ.

ಈಗ ನಿನ್ನಿಂದ ಒಂದು ಸಹಾಯ ಬೇಕು. ರಕ್ತ ಬೇಕಾಗಬಹುದು. ದಾನ ಮಾಡುವ ನಾಯಿ 25 ಕಿಲೋಗಿಂತ ಜಾಸ್ತಿ ತೂಗಬೇಕು, ಪ್ರಾಯದ್ದಾಗಿರಬೇಕು, ಲಸಿಕೆ ಎಲ್ಲಾ ಆಗಿರಬೇಕು. ನಿನ್ನ ಭೀಮನಿಗೆ ಇನ್ನೂ ನಾಲ್ಕು ವರ್ಷ, ಅಲ್ವಾ? ಒಂದು ಸಲಕ್ಕೆ ಸುಮಾರು 450 ಎಂಎಲ್ ತೆಗೆಯುತ್ತಾರೆ. ಅವನಂಥ ದೊಡ್ಡ ಲ್ಯಾಬ್ರಡಾರ್‌ಗೆ ಅದರಿಂದ ತೊಂದರೆಯಿಲ್ಲ. ಮೊದಲು ಅವನ ರಕ್ತ ಪರೀಕ್ಷೆ ಮಾಡಿ, ಕೆಂಪಿಯ ರಕ್ತಕ್ಕೆ ಹೊಂದುತ್ತದಾ ಅಂತ ಕ್ರಾಸ್‌ಮ್ಯಾಚ್ ಮಾಡಿ ನೋಡುತ್ತಾರೆ. ಅದಕ್ಕೇ ಬುಧವಾರ ಮಧ್ಯಾಹ್ನದೊಳಗೆ ತುಮಕೂರಿನಿಂದ ಬಂದುಬಿಡು. ಅವನ ಲಸಿಕೆ ಪುಸ್ತಕ ತರೋದು ಮರೀಬೇಡ. ಈ ತಿಂಗಳು ಅವನಿಗೆ ಜ್ವರ ಬಂದಿತ್ತಾ, ಯಾವುದಾದರೂ ಮಾತ್ರೆ ನಡೀತಿದೆಯಾ, ಅದನ್ನೂ ತಿಳಿಸು. ಬರಲು ಆಗದಿದ್ದರೆ ಇವತ್ತೇ ಫೋನ್ ಮಾಡು, ಬೇರೆ ಕಡೆ ಕೇಳಬೇಕು.

ನಿನ್ನ,
ಶ್ರೀಧರ